ಹಳೆಯ ಮೋಟಾರ್ ಸೈಕಲ್ಲಿಗೆ ತಕ್ಕ ಎಣ್ಣೆ



ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಿಕೆ ನಿಂತುಹೋದದ್ದು 1996ರಲ್ಲಿ. ಆದರೂ ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಇಂದಿಗೂ ಅಕ್ಕರೆಯಿಂದ ಸಾಕಿಕೊಂಡವರುಂಟು. ಅವುಗಳಿಗೆ ಅಂಗಡಿಯಲ್ಲಿ ಸಿಗುವ ಅತ್ಯಂತ ದುಬಾರಿ ಎಣ್ಣೆಯನ್ನೇ ಕೊಂಡು ತಂದರೆ ಸಾಕೆ? ಸಾಲದು. ಯಂತ್ರದ ರಚನೆಗೆ ಹೊಂದುವ ಎಣ್ಣೆಯೇ ಯೋಗ್ಯವಾದದ್ದು.

ಈ ಟೂ-ಸ್ಟ್ರೋಕ್ ಯಂತ್ರಕ್ಕೆ ಬೇಕಾದುದು ಎರಡು ಬಗೆಯ ಎಣ್ಣೆ. ಮೊದಲನೆಯದು ಪೆಟ್ರೋಲಿನೊಡನೆ ಬೆರೆತು, ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಿಡ್ಡು ಸವರಿ, ಕೊನೆಗೆ ತಾನೂ ಉರಿದುಹೋಗುತ್ತದೆ. ಆದ್ದರಿಂದ ಹೆಚ್ಚು ಮಸಿ ಉಳಿಸದ ಟೂ-ಟಿ ಎಣ್ಣೆಯೇ ಬೇಕು. ಕೈಪಿಡಿ ಹೇಳುವ ಪ್ರಮಾಣ 25ಕ್ಕೆ 1 ಆದಲ್ಲಿ, 5 ಲೀಟರ್ ಪೆಟ್ರೋಲಿಗೆ 200 ಮಿಲಿಲೀಟರ್. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ.

ಎರಡನೆಯದು ಗೇರ್‌ಬಾಕ್ಸಿನದು. ಕ್ಲಚ್ ಪ್ಲೇಟುಗಳು ನೆನೆಯುವುದೂ ಇದೇ ಎಣ್ಣೆಯಲ್ಲಿ. ಕ್ಲಚ್ಚಿನ ಹಿಡಿತವೆಲ್ಲ ಘರ್ಷಣೆಯಿಂದ ಬಂದದ್ದು. ಇಂದಿನ ಅನೇಕ ಕಾರಿನ ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳಿರುತ್ತವೆ. ಕಾರಿಗೆ ಅದು ಗುಣ. ಇಲ್ಲಿ ಮಾತ್ರ ಪ್ಲೇಟುಗಳು ಜಾರಿ, ಏರಿನಲ್ಲಿ ಎಂಜಿನ್ ಮೊರೆದರೂ ಗಾಡಿ ಮುಂದೆ ಸಾಗದು. ಡಬ್ಬಿಯ ಮೇಲೆ ‘ಜಾಸೋ ಎಂ.ಎ.’ ಎಂಬ ಗುರುತಿದ್ದರೆ ಆ ಭಯವಿಲ್ಲ. ಎಣ್ಣೆಯ ಮಂದತೆ ಕೈಪಿಡಿ ಹೇಳಿದಂತಿರಲಿ.

ಹಳೆಯ ಯಂತ್ರ ಬೇಡುವುದು ವೈಭವವನ್ನಲ್ಲ, ತಿಳಿದು ಮಾಡುವ ಆರೈಕೆಯನ್ನು.