ತರಗತಿಯ ಗದ್ದಲ

ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಮಕ್ಕಳ ಗದ್ದಲದಷ್ಟು ಪರಿಚಿತವಾದ ಸಂಗತಿ ಬೇರೊಂದಿಲ್ಲ. ಅದರ ನಡುವೆ ಮೂವತ್ತು ವರ್ಷ ಬಾಳಿದವನು ನಾನು. ಅದನ್ನು ಅಡಗಿಸುವ ಉಪಾಯವೇನೆಂದು ಎಳೆಯ ಉಪಾಧ್ಯಾಯರು ಕೇಳುವುದುಂಟು. ಉಪಾಯಕ್ಕಿಂತ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುವುದು ಮೇಲು.

ಸಿರುಗುಪ್ಪದ ಕಡೆಯ ಒಂದು ಹಳ್ಳಿಯಲ್ಲಿ ಎರಡನೆಯ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ‘ಮೂರಕ್ಕೆ ನಾಲ್ಕನ್ನು ಕೂಡು’ ಎಂದೊಡನೆ ಹಿಂದಿನ ಸಾಲಿನ ಹುಡುಗನೊಬ್ಬ ಕಿಸಕ್ಕನೆ ನಗುತ್ತಿದ್ದ. ಅವನೊಡನೆ ಇಡೀ ತರಗತಿ ನಗುತ್ತಿತ್ತು. ಎರಡು ದಿನ ಗದರಿಸಿದೆ. ಮೂರನೆಯ ದಿನ ಬಾಗಿಲ ಹೊರಗೆ ನಿಲ್ಲಿಸಿದೆ. ಮರುದಿನದಿಂದ ಅವನು ಬರಲಿಲ್ಲ. ತರಗತಿ ಶಾಂತವಾಯಿತು. ಅದರಿಂದ ನನಗೆ ಸಮಾಧಾನವಾಯಿತೆಂಬುದನ್ನು ಮುಚ್ಚಿಡಲಾರೆ.

ವಾರ ಕಳೆದ ಮೇಲೆ ಒಂದು ಸಂಜೆ ಅವನ ಮನೆಗೆ ಹೋದೆ. ತಾಯಿ ಒಲೆಯ ಬಳಿಯಿಂದ ಮಗನನ್ನು ಕರೆಯುತ್ತಿದ್ದಳು: ‘ರಾ, ಕೂಡು ತಿನು.’ ನಾನು ಅಂಗಳದಲ್ಲಿಯೇ ನಿಂತುಬಿಟ್ಟೆ. ಅವರ ಮನೆಮಾತು ತೆಲುಗು. ಅಲ್ಲಿ ಕೂಡು ಎಂದರೆ ಅನ್ನ. ನಮ್ಮ ‘ಕೂಳು’ ಎಂಬ ಮಾತಿನ ನೆಂಟ. ಮೂರಕ್ಕೆ ನಾಲ್ಕನ್ನು ಅನ್ನ ಎಂದು ಮೇಷ್ಟ್ರು ಹೇಳಿದರೆ ಏಳು ವರ್ಷದ ಹುಡುಗ ನಗದೆ ಇನ್ನೇನು ಮಾಡಿಯಾನು?

ನಮ್ಮ ಸೀಮೆಯಲ್ಲಿ ಇದು ಸೋಜಿಗವಲ್ಲ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಬಳ್ಳಾರಿ, ಸಿರುಗುಪ್ಪಗಳು ಮೈಸೂರು ರಾಜ್ಯಕ್ಕೂ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. ಗೆರೆ ಬಿದ್ದದ್ದು ಭೂಪಟದ ಮೇಲೆ. ಮನೆಗಳ ಮಾತು ಹಾಗೆಯೇ ಉಳಿಯಿತು.

ಮರುದಿನ ಹುಡುಗನನ್ನು ಕೈಹಿಡಿದು ಕರೆತಂದೆ. ಕರಿಹಲಗೆಯ ಮೇಲೆ ಕನ್ನಡದ ಮಾತನ್ನು ಒಂದು ಕಡೆ, ಅವನು ಹೇಳಿದ ತೆಲುಗು ಮಾತನ್ನು ಇನ್ನೊಂದು ಕಡೆ ಬರೆದೆ. ಭತ್ತದ ಕಾಳುಗಳನ್ನು ಮುಂದಿಟ್ಟು ಮೂರು ರಾಶಿಗೆ ನಾಲ್ಕು ರಾಶಿ ಸೇರಿಸಿ ಎಣಿಸಹೇಳಿದೆ. ಆ ದಿನವೂ ಎಲ್ಲರೂ ನಕ್ಕರು. ಆದರೆ ಲೆಕ್ಕ ಕೆಡಲಿಲ್ಲ.

ಮುಂದೆ ಕುರುಗೋಡಿನ ಕಡೆಗೆ ವರ್ಗವಾಯಿತು. ಅಲ್ಲಿ ಒಂದೇ ಕೋಣೆಯಲ್ಲಿ ಮೂರು ತರಗತಿ, ಸಂತೆಯಂಥ ಸದ್ದು. ಮಾರಿಯಾ ಮಾಂಟೆಸ್ಸೊರಿಯವರ ಮೌನದ ಆಟವನ್ನು ಪ್ರಯೋಗಿಸಿದೆ. ಮಕ್ಕಳು ಕಣ್ಣುಮುಚ್ಚಿ ಕೂರುವುದು. ಉಪಾಧ್ಯಾಯ ದೂರ ನಿಂತು ಒಬ್ಬೊಬ್ಬರ ಹೆಸರನ್ನೂ ಪಿಸುದನಿಯಲ್ಲಿ ಕರೆಯುವುದು. ಕರೆ ಕೇಳಿಸಿದವರು ಸದ್ದಿಲ್ಲದೆ ಎದ್ದು ಬರುವುದು. ತನ್ನ ಹೆಸರು ಯಾವಾಗ ಬಂದೀತೋ ಎಂದು ಕಾಯುವ ಮಗುವಿಗೆ ‘ಸುಮ್ಮನಿರು’ ಎಂದು ಹೇಳಬೇಕಾಗಿಲ್ಲ. ಅಲ್ಲಿಂದಾಚೆಗೆ ನಾನು ದನಿಯೇರಿಸುವುದನ್ನು ಬಿಟ್ಟು ದನಿಯಿಳಿಸುವುದನ್ನು ಕಲಿತೆ.

ಕೊನೆಯ ವರ್ಷಗಳು ಬಳ್ಳಾರಿ ನಗರದಲ್ಲಿ ಕಳೆದವು. ಜೀನ್ಸ್ ಹೊಲಿಯುವ ಮನೆಗಳ ಮಕ್ಕಳು. ಕೈ ಸುಮ್ಮನಿದ್ದರೆ ಪಕ್ಕದವನನ್ನು ಚಿವುಟುವವರು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮಕ್ಕಳು ಗುಂಪುಗಳಲ್ಲಿ ಕುಳಿತು, ಕಾರ್ಡುಗಳನ್ನು ತಾವೇ ಆರಿಸಿ ತಂದು, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮ ಅದು. ಕೈಗೆ ಕೆಲಸ ಸಿಕ್ಕಿದ ಮೇಲೆ ಚಿವುಟಾಟ ಕಡಿಮೆಯಾಯಿತು. ಸದ್ದು ಮಾತ್ರ ಉಳಿಯಿತು. ಆದರೆ ಅದು ಕೆಲಸದ ಸದ್ದು.

ತುಂಟತನಕ್ಕೆಲ್ಲ ಇಂಥ ಕಾರಣವಿರುತ್ತದೆಂದು ನಾನು ಹೇಳಲಾರೆ. ಇನ್ನೊಬ್ಬರನ್ನು ನೋಯಿಸುವ ಮಗುವನ್ನು ತಡೆಯಲೇಬೇಕು. ನಿಯಮಗಳು ಕೆಲವೇ ಇರಲಿ, ಎಲ್ಲರಿಗೂ ಒಂದೇ ಇರಲಿ, ಮೇಷ್ಟರಿಗೂ ಅನ್ವಯಿಸಲಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಾಗಿಲ ಹೊರಗೆ ನಿಲ್ಲಿಸುವುದು ಅದಕ್ಕೆ ಹೊರತೆಂದು ಹೇಳುವ ಧೈರ್ಯ ನನಗಿಲ್ಲ.

ಆ ಹುಡುಗ ಮರಳಿ ಬಂದ. ಅದು ನನ್ನ ಪುಣ್ಯ. ನಾನು ಆ ಸಂಜೆ ಹೋಗದೆ ಇದ್ದಿದ್ದರೆ, ಶಾಂತವಾದ ತರಗತಿಯೊಂದನ್ನು ನಡೆಸುತ್ತಿದ್ದೇನೆಂದು ಹೆಮ್ಮೆಪಡುತ್ತಲೇ ಇರುತ್ತಿದ್ದೆ. ಎಳೆಯ ಉಪಾಧ್ಯಾಯರಲ್ಲಿ ನನ್ನ ಬಿನ್ನಹ ಇಷ್ಟೆ: ನಗುವ ಹುಡುಗನನ್ನು ಹೊರಗೆ ಕಳುಹಿಸುವ ಮುನ್ನ, ಏಕೆ ನಕ್ಕೆಯೆಂದು ಅವನನ್ನೊಮ್ಮೆ ಕೇಳಿ.