ಪಾಸ್‌ಪೋರ್ಟು ನಿರಾಕರಿಸಿದರೆ ಅದೇ ಕೊನೆಯ ಮಾತಲ್ಲ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶಕ್ಕೆ ದುಡಿಯಲು ಹೊರಟ ನಮ್ಮವರಿಗೆ ಪಾಸ್‌ಪೋರ್ಟು ಸಿಗದಿದ್ದರೆ ನಾವು ಮೊದಲು ಹಣೆಬರಹ ಹಳಿಯುತ್ತೇವೆ. ಆಮೇಲೆ ದಲಾಲನ ಮನೆ ಹುಡುಕುತ್ತೇವೆ. ಇವೆರಡೂ ಬೇಡ.

ಹಿಂದೆ ಪಾಸ್‌ಪೋರ್ಟು ಕೊಡುವುದೂ ಬಿಡುವುದೂ ಸರಕಾರದ ಮರ್ಜಿಯಾಗಿತ್ತು. ಪರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಒಂದು ಭಾಗವೆಂದು ಮುಂಬಯಿ, ಮೈಸೂರು, ಕೇರಳ ಹೈಕೋರ್ಟುಗಳು ಹೇಳಿದವು. 1967ರ ಏಪ್ರಿಲಿನಲ್ಲಿ ಸತ್ವಂತ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ವರ್ಷವೇ ಪಾಸ್‌ಪೋರ್ಟು ಕಾಯಿದೆ ಬಂದಿತು.

ಆ ಕಾಯಿದೆಯಂತೆ, ನಿರಾಕರಿಸಿದ ಅಧಿಕಾರಿ ಕಾರಣವನ್ನು ಬರೆದಿಡಬೇಕು. ನಾವು ಕೇಳಿದರೆ ಅದರ ಪ್ರತಿ ಕೊಡಬೇಕು. ದೇಶದ ಭದ್ರತೆಯಂಥ ಪ್ರಸಂಗಗಳಲ್ಲಿ ಮಾತ್ರ ಕೊಡದಿರಬಹುದು. ಆದೇಶ ಕೈಸೇರಿದ 30 ದಿನಗಳೊಳಗೆ ಅಪೀಲು ಬರೆದು ಸಲ್ಲಿಸಬೇಕು. ನಮ್ಮ ಅಹವಾಲಿಗೆ ಅವಕಾಶ ಕೊಡದೆ ಅದನ್ನು ತೀರ್ಮಾನಿಸುವಂತಿಲ್ಲ.

ಮುಷ್ಕರದಲ್ಲಿ ಹೂಡಿದ ಕ್ರಿಮಿನಲ್ ಮೊಕದ್ದಮೆ ಕೋರ್ಟಿನಲ್ಲಿ ಬಾಕಿಯಿದ್ದರೆ ಅದೂ ನಿರಾಕರಣೆಗೆ ಕಾರಣವಾಗಬಹುದು. ಆಗಲೂ ದಾರಿಯುಂಟು. ದೇಶ ಬಿಡಲು ಆ ಕೋರ್ಟೇ ಅನುಮತಿ ಕೊಟ್ಟರೆ, 1993ರ ಸರಕಾರಿ ಪ್ರಕಟಣೆಯಂತೆ ಪಾಸ್‌ಪೋರ್ಟು ಪಡೆಯಬಹುದು.

ವೀಸಾದ ಮಾತು ಬೇರೆ. ಅದು ನಾವು ಹೋಗುವ ದೇಶದವರ ಕೈಯಲ್ಲಿದೆ. ನಮ್ಮ ಕಾಯಿದೆ ಅದಕ್ಕೆ ಎಟುಕದು.

ಹೋಟೇಲಿನಲ್ಲೇ ಉಂಡು ಮಲಗುವವನಿಗೆ, ಚಾಳಿನ ಕೋಣೆಯಲ್ಲಿ ಹತ್ತು ಜನರೊಡನೆ ಇರುವವನಿಗೆ ಕಾಗದಪತ್ರ ಜೋಪಾನ ಮಾಡುವುದು ಕಷ್ಟ, ನಿಜ. ಆದರೂ ಆದೇಶದ ಕಾಗದವನ್ನು ಹರಿದೆಸೆಯಬೇಡಿ. ಅದು ಬಂದ ದಿನವನ್ನು ಅದರ ಮೇಲೆಯೇ ಬರೆದಿಡಿ. ಇಂಗ್ಲಿಷು ಬಾರದೆಂದು ಅಳುಕದೆ ಸಂಘಕ್ಕೆ ತನ್ನಿ. ಬಲ್ಲವರು ಓದಿ ಹೇಳುತ್ತಾರೆ, ನಾವೆಲ್ಲ ಕೂಡಿ ಅಪೀಲು ಬರೆಯೋಣ. ದಲಾಲನಿಗೆ ತೆತ್ತ ಹಣ ತಿರುಗಿ ಬಾರದು. ಕಳೆದುಹೋದ 30 ದಿನಗಳೂ ಹಾಗೆಯೇ.