ಕೊರತೆಯನ್ನು ಕಂಡ ತಾಯಿ
(ಲೂರ್ದುಮಾತೆಯ ಹಬ್ಬದ ಪ್ರಬೋಧನೆ)



ಕಾನಾ ಊರಿನ ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದ ಸಂಗತಿಯನ್ನು ಈಗ ತಾನೇ ಶುಭಸಂದೇಶದಲ್ಲಿ ಆಲಿಸಿದೆವು. ಮನೆಯವರು ಬಂದು ಕಷ್ಟ ಹೇಳಿಕೊಂಡರೆಂದು ಅಲ್ಲಿ ಬರೆದಿಲ್ಲ. ಮಾತೆ ಮರಿಯಮ್ಮನವರೇ ಕೊರತೆಯನ್ನು ಕಂಡು ಮಗನಿಗೆ ತಿಳಿಸಿದರು.

1993ರಿಂದ ಧರ್ಮಸಭೆಯು ಈ ಹಬ್ಬವನ್ನು ವಿಶ್ವ ರೋಗಿಗಳ ದಿನವನ್ನಾಗಿಯೂ ಆಚರಿಸುತ್ತಿದೆ. 2006ರ ಈ ದಿನಕ್ಕಾಗಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಮಾನಸಿಕ ರೋಗಿಗಳನ್ನೇ ಕುರಿತು ಸಂದೇಶ ನೀಡಿದ್ದರು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇದ್ದವರ ಹೆಸರನ್ನು ಪ್ರಾರ್ಥನಾ ಕೋರಿಕೆಯ ಚೀಟಿಯಲ್ಲಿ ಬರೆಯುತ್ತೇವೆ. ಸ್ಕಿಜೋಫ್ರೇನಿಯಾ ಇರುವ ಮಗನ ಹೆಸರನ್ನು ಬರೆಯಲು ಮಾತ್ರ ಕೈ ಹಿಂಜರಿಯುತ್ತದೆ. ಹಬ್ಬಕ್ಕೆ ನೆಂಟರು ಬಂದರೆ ಅವನು ಹಿಂದಿನ ಕೋಣೆ ಸೇರುತ್ತಾನೆ. ಯಾರೂ ಇಲ್ಲದಿದ್ದರೂ ಅವನಿಗೆ ದನಿ ಕೇಳಿಸುತ್ತದೆ, ಎಲ್ಲರ ಮೇಲೂ ಅನುಮಾನ, ಸ್ನಾನ ಊಟದ ಪರಿವೆಯಿಲ್ಲ. ಇದನ್ನು ಕಂಡು ನಾವು ಮಾಟ, ದೆವ್ವ, ಹಿರಿಯರ ಪಾಪ ಎನ್ನುತ್ತೇವೆ.

ವೈದ್ಯಶಾಸ್ತ್ರ ಏನು ಹೇಳುತ್ತದೆ? ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ದೇಹದ ಕಾವಲುಪಡೆ ಅಲ್ಲಿಗೆ ಧಾವಿಸಿದ ಗುರುತು ಅದು; ಅದಕ್ಕೆ ಉರಿಯೂತ ಎನ್ನುತ್ತಾರೆ. ಸ್ಕಿಜೋಫ್ರೇನಿಯಾ ಇರುವ ಕೆಲವರ ರಕ್ತದಲ್ಲಿ ಇಂಥ ಉರಿಯೂತದ ಗುರುತುಗಳು ಹೆಚ್ಚಾಗಿರುತ್ತವೆ. ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳ ಸಂಪರ್ಕವೂ ಅಲ್ಲಲ್ಲಿ ಸಡಿಲವಾಗಿರುವುದನ್ನು ಎಂ.ಆರ್.ಐ. ಅಧ್ಯಯನಗಳು ತೋರಿಸಿವೆ. ರೈತ ದ್ರಾಕ್ಷಿ ಬಳ್ಳಿಯ ಹೆಚ್ಚಿನ ಕುಡಿಗಳನ್ನು ಸವರುವಂತೆ, ಹರೆಯದಲ್ಲಿ ಮಿದುಳು ತನಗೆ ಬೇಡದ ಸಂಪರ್ಕಗಳನ್ನು ಕಡಿದುಕೊಳ್ಳುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಸೇರಿದ ಸಿ4 ಎಂಬ ಜೀನಿನ ಕೆಲವು ರೂಪಗಳು ಈ ಕಾಯಿಲೆಯ ಸಂಭವವನ್ನು ಹೆಚ್ಚಿಸುತ್ತವೆಂದು 2016ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಇಲಿಗಳ ಮಿದುಳಿನಲ್ಲಿ ಸವರುವ ಆ ಕೆಲಸದಲ್ಲಿ ಇದೇ ಜೀನು ಪಾಲುಗೊಳ್ಳುವುದೂ ಕಂಡುಬಂತು. ಉರಿಯೂತವೊಂದೇ ಕಾರಣವಲ್ಲ, ಎಲ್ಲ ರೋಗಿಗಳಲ್ಲೂ ಅದು ಕಾಣುವುದಿಲ್ಲ. ಆದರೆ ಇಷ್ಟಂತೂ ಸ್ಪಷ್ಟ: ಇದು ಮಿದುಳಿನ ಕಾಯಿಲೆ. ತಾಯಿ ಸಾಕಿದ ರೀತಿಯ ದೋಷವಲ್ಲ, ದೇವರ ಶಾಪವೂ ಅಲ್ಲ.

ಪ್ರಿಯರೇ, ಒಳಗಿನ ಎಳೆ ಸಡಿಲವಾದವನಿಗೆ ಹೊರಗಿನ ಎಳೆಗಳನ್ನೂ ನಾವು ಕಡಿಯಬಾರದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಧರ್ಮಸಭೆಯನ್ನು ಒಂದೇ ದೇಹಕ್ಕೆ ಹೋಲಿಸುತ್ತಾರೆ; ಒಂದು ಅಂಗದ ನೋವು ಇಡೀ ದೇಹದ ನೋವು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮನೆಯವರೂ ರೋಗಿಯ ಜೊತೆ ಉಳಿದು ಆರೈಕೆಯಲ್ಲಿ ಪಾಲುಗೊಳ್ಳುತ್ತಾರೆ. ಮನೆಯವರ ಆಸರೆಯೂ ಚಿಕಿತ್ಸೆಯ ಭಾಗವೇ.

ರೋಗಿಯನ್ನು ಧ್ಯಾನಕೂಟಕ್ಕೆ ಕರೆತನ್ನಿ, ಅಭ್ಯಂಗ ಸಂಸ್ಕಾರವನ್ನು ಕೇಳಿಕೊಳ್ಳಿ. ಆದರೆ ಮಾತ್ರೆಯನ್ನು ನಿಲ್ಲಿಸಬೇಡಿ. "ವಿಶ್ವಾಸವಿದ್ದರೆ ಮಾತ್ರೆ ಏಕೆ?" ಎಂದು ಯಾರೇ ಹೇಳಿದರೂ ಕಿವಿಗೊಡಬೇಡಿ, ಮಾತ್ರೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ವೈದ್ಯನೂ ಮದ್ದೂ ದೇವರ ಸೃಷ್ಟಿಯೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ನಮಗೆ ಕಲಿಸುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಕಾನಾದಲ್ಲಿ ಸೇವಕರು ಕಲ್ಲಿನ ಬಾನೆಗಳಿಗೆ ಕಂಠಮಟ್ಟ ನೀರು ತುಂಬಿದರು. ಆಮೇಲೆ ಪ್ರಭು ತಮ್ಮ ಕೆಲಸ ಮಾಡಿದರು. ದಿನವೂ ಮಾತ್ರೆ ಕೊಡುವುದು, ತಪ್ಪದೆ ವೈದ್ಯರ ಬಳಿ ಕರೆದೊಯ್ಯುವುದು, ಭಾನುವಾರದ ಬಲಿಪೂಜೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುವುದು ನಮ್ಮ ಪಾಲಿನ ನೀರು ಹೊರುವ ಕೆಲಸ. ನೆರೆಮನೆಯ ಕೊರತೆ ನಮ್ಮ ಕಣ್ಣಿಗೂ ಬೀಳಲಿ, ಅದನ್ನು ಆಡಿಕೊಳ್ಳದೆ ಪ್ರಭುವಿನ ಬಳಿಗೆ ಕೊಂಡೊಯ್ಯುವ ಮನಸ್ಸು ನಮಗಿರಲಿ ಎಂದು ಲೂರ್ದುಮಾತೆಯ ಮೂಲಕ ಬೇಡಿಕೊಳ್ಳೋಣ. ಆಮೆನ್.